ಶೇಪ್ ಎರರ್ ಬಂದ್ರೆ ಖುಷಿ ಪಡಿ, ಬರದಿದ್ರೆ ಚೆಕ್ ಮಾಡಿ

ಹೋದ ಸಂಚಿಕೆಯಲ್ಲಿ ನಂಪೈ (ಪೈಥಾನ್‌ನಲ್ಲಿ ನಂಬರ್ ಲೆಕ್ಕಕ್ಕೆ), ಪೈಟಾರ್ಚ್ (ಮಾಡೆಲ್ ಟ್ರೈನ್ ಮಾಡೋಕೆ) ಥರದ ಲೈಬ್ರರಿಗಳಲ್ಲಿ ಎಲ್ಲಿ ಸಿಕ್ಕಾಕ್ಕೊಂಡಿದ್ದೀರಿ ಅಂತ ಬರೆದು ಕಳಿಸಿ ಅಂದಿದ್ವಿ. ಬಂದ ಪತ್ರಗಳಲ್ಲಿ ಹೆಚ್ಚಿನವು ಅರೇ ಶೇಪ್ ಗಲಾಟೆನೇ. ಅರೇ ಅಂದ್ರೆ ನಂಬರ್‌ಗಳ ಸಾಲು ಇಲ್ಲಾ ಕೋಷ್ಟಕ, ಅದರ ಒಂದೊಂದು ದಿಕ್ಕಿಗೆ ಆಕ್ಸಿಸ್ ಅಂತಾರೆ, ಪ್ರತಿ ಆಕ್ಸಿಸ್ ಎಷ್ಟು ಉದ್ದ ಅನ್ನೋದೇ ಶೇಪ್: (200, 5) ಅಂದ್ರೆ 200 ಸಾಲು, 5 ಕಾಲಂ. ಕೆಲವನ್ನ ಸೇರಿಸಿ ಒಂದು ಮಾಡಿದ್ದೀವಿ, ಉದ್ದದ ಕೋಡನ್ನ ಕತ್ತರಿಸಿ ವಿಷಯ ಮಾತ್ರ ಇಟ್ಕೊಂಡಿದ್ದೀವಿ.

ಪ್ರಶ್ನೆ: ಸರ್, ಒಂದು ಸಣ್ಣ ರಿಗ್ರೆಶನ್ (ನಂಬರ್ ಊಹಿಸೋ) ಮಾಡೆಲ್ ಟ್ರೈನ್ ಮಾಡ್ತಿದ್ದೀನಿ, ಊಹೆ ಎಷ್ಟು ತಪ್ಪಿದೆ ಅಂತ ಅಳೆಯೋ ಲಾಸ್ ಫಂಕ್ಷನ್ ನಾನೇ ಬರ್ದಿರೋದು. ಎರರ್ ಏನೂ ಇಲ್ಲ. ಲಾಸ್ ಸ್ವಲ್ಪ ಇಳಿಯುತ್ತೆ, ಆಮೇಲೆ ಅಲ್ಲೇ ನಿಂತುಬಿಡುತ್ತೆ, ಕೊನೆಗೆ ಯಾವ ಇನ್‌ಪುಟ್ ಕೊಟ್ರೂ ಹತ್ತಿರ ಹತ್ತಿರ ಒಂದೇ ನಂಬರ್ ಬರುತ್ತೆ. ಲರ್ನಿಂಗ್ ರೇಟ್ ಬದಲಾಯಿಸಿದೆ, ಲೇಯರ್ ಜಾಸ್ತಿ ಮಾಡಿದೆ, ಏನೂ ಆಗಲಿಲ್ಲ. ಪ್ರೆಡಿಕ್ಷನ್ ಶೇಪ್ (1000, 1), ಟಾರ್ಗೆಟ್ (ಅಸಲಿ ಉತ್ತರ) ಶೇಪ್ (1000,). ಎರಡರಲ್ಲೂ ಸಾವಿರ ನಂಬರ್ ಇದೆಯಲ್ಲ, ತೊಂದರೆ ಇಲ್ಲ ಅಲ್ವಾ?

ಉತ್ತರ: ತೊಂದರೆ ಅಲ್ಲೇ ಇರೋದು, ಲರ್ನಿಂಗ್ ರೇಟನ್ನ ಪಾಪ ಸುಮ್ಮನೆ ಬೈದಿದ್ದೀರಿ. ಒಂದರಿಂದ ಇನ್ನೊಂದು ಕಳೆದ ಮೇಲೆ ಬಂದಿರೋದರ ಶೇಪ್ ಒಂದ್ಸಲ ಪ್ರಿಂಟ್ ಮಾಡಿ ನೋಡಿ. (1000, 1000) ಅಂತ ಬರುತ್ತೆ. ಸಾವಿರ ವ್ಯತ್ಯಾಸ ಬರಬೇಕಾದ ಕಡೆ ಹತ್ತು ಲಕ್ಷ ಬಂದಿದೆ, ನೀವು ತಕ್ಷಣ ಅದರ ವರ್ಗ ಮಾಡಿ ಸರಾಸರಿ ತಗೊಂಡಿರೋದರಿಂದ ಕೊನೆಗೆ ಒಂದೇ ಒಂದು ನಂಬರ್ ಉಳೀತು, ಆ ನಂಬರ್ ನೋಡಿ ಒಳಗೆ ಏನಾಯ್ತು ಅಂತ ಯಾರಿಗೂ ಗೊತ್ತಾಗಲ್ಲ.

ಇದು ಬ್ರಾಡ್‌ಕಾಸ್ಟಿಂಗ್ ನಿಯಮದ ಕೆಲಸ. ನಿಯಮ ಚಿಕ್ಕದು, ಈ ಅಂಕಣದ ಅರ್ಧ ಪ್ರಶ್ನೆಗಳಿಗೆ ಅದೇ ಉತ್ತರ, ಅದಕ್ಕೆ ಇಲ್ಲೇ ಹೇಳಿಬಿಡ್ತೀನಿ. ಎರಡು ಶೇಪನ್ನ ಒಂದರ ಕೆಳಗೆ ಒಂದು ಬರೀರಿ, ಬಲಗಡೆಗೆ ಸರಿಯಾಗಿ ಹೊಂದಿಸಿ. ಬಲಗಡೆಯಿಂದ ಎಡಕ್ಕೆ ಬನ್ನಿ. ಪ್ರತಿ ಜಾಗದಲ್ಲೂ ಎರಡು ಸಂಖ್ಯೆ ಒಂದೇ ಆಗಿರಬೇಕು, ಇಲ್ಲಾ ಅದರಲ್ಲೊಂದು 1 ಆಗಿರಬೇಕು. 1 ಇದ್ದ ಕಡೆ ಅದನ್ನ ಎದುರಿನ ಸಂಖ್ಯೆಯಷ್ಟು ಹಿಗ್ಗಿಸ್ತಾರೆ. ಯಾವುದಾದ್ರೂ ಒಂದು ಶೇಪ್ ಗಿಡ್ಡ ಇದ್ರೆ ಅದರ ಎಡಗಡೆ 1 ಇದೆ ಅಂತ ಅಂದ್ಕೋತಾರೆ. ಇದು ಯಾವುದೂ ಆಗದಿದ್ರೆ ಮಾತ್ರ ಎರರ್.

ಈಗ ನಿಮ್ಮದಕ್ಕೆ ಹಾಕಿ ನೋಡಿ. (1000,) ಗಿಡ್ಡ, ಎಡಕ್ಕೆ 1 ಸೇರಿ (1, 1000) ಆಯ್ತು. ಅದರ ಎದುರು (1000, 1). ಬಲಗಡೆ 1 ಮತ್ತು 1000, ಹಿಗ್ಗಿತು. ಎಡಗಡೆ 1000 ಮತ್ತು 1, ಅದೂ ಹಿಗ್ಗಿತು. ಪ್ರತಿಯೊಂದು ಪ್ರೆಡಿಕ್ಷನ್ನನ್ನ ಅದರ ಸ್ವಂತ ಟಾರ್ಗೆಟ್ ಜೊತೆ ಹೋಲಿಸೋ ಬದಲು ಎಲ್ಲಾ ಸಾವಿರ ಟಾರ್ಗೆಟ್ ಜೊತೆನೂ ಹೋಲಿಸ್ತು. ಹಾಗೆ ಹೋಲಿಸಿದಾಗ ವರ್ಗದ ಲಾಸ್ ಅತಿ ಕಮ್ಮಿ ಆಗೋದು ಯಾವಾಗ ಹೇಳಿ? ಪ್ರತಿ ಪ್ರೆಡಿಕ್ಷನ್ನೂ ಎಲ್ಲಾ ಟಾರ್ಗೆಟ್‌ಗಳ ಸರಾಸರಿಗೆ ಬಂದು ಕೂತಾಗ. ಅಂದ್ರೆ ನಿಮ್ಮ ಮಾಡೆಲ್ ದಡ್ಡ ಅಲ್ಲ, ನೀವು ಕೊಟ್ಟ ಲೆಕ್ಕಕ್ಕೆ ಸರಿಯಾದ ಉತ್ತರನೇ ಹುಡುಕಿದೆ. ಬೇಕಾದ್ರೆ ಟಾರ್ಗೆಟ್ ಸರಾಸರಿ ತೆಗೆದು ನೋಡಿ, ನಿಮಗೆ ಬರ್ತಿರೋ ಆ "ಒಂದೇ ನಂಬರ್" ಅದರ ಪಕ್ಕದಲ್ಲೇ ಇರುತ್ತೆ.

ಸಾವಿರ ಸಾಲು ಇದ್ದಿದ್ದಕ್ಕೆ ಇದು ಸದ್ದಿಲ್ಲದೆ ನಡೀತು, 8 ಬೈಟ್‌ನ ಫ್ಲೋಟ್ ಆದ್ರೂ ಹತ್ತು ಲಕ್ಷಕ್ಕೆ 8 ಎಂಬಿ ಅಷ್ಟೆ, ಯಾರ ಗಮನಕ್ಕೂ ಬರಲ್ಲ. ಅದೇ ಒಂದು ಲಕ್ಷ ಸಾಲು ಒಟ್ಟಿಗೆ ಹಾಕಿದ್ರೆ 1000 ಕೋಟಿ ನಂಬರ್, 80 ಜಿಬಿ, ಮೆಮೊರಿ ಸಾಲದೆ ಪ್ರೋಗ್ರಾಂ ಬಿದ್ದುಹೋಗಿ ಆವತ್ತೇ ಸಿಕ್ಕಿಬೀಳ್ತಿತ್ತು. ಪೈಟಾರ್ಚ್‌ನ ರೆಡಿಮೇಡ್ ಎಂಎಸ್ಇ (ವ್ಯತ್ಯಾಸದ ವರ್ಗಗಳ ಸರಾಸರಿ) ಲಾಸ್ ಇಂಥ ಸಂದರ್ಭದಲ್ಲಿ ಸೈಜ್ ಬೇರೆ ಬೇರೆ ಇದೆ ಅಂತ ಒಂದು ವಾರ್ನಿಂಗ್ ಕೊಡುತ್ತೆ, ನಾವೇ ಕಳೆದು ವರ್ಗ ಮಾಡಿದ್ರೆ ಹೇಳೋರಿಲ್ಲ. ಲಾಸ್ ಫಂಕ್ಷನ್ನಿನ ಮೊದಲನೇ ಸಾಲಲ್ಲಿ ಎರಡರ ಶೇಪೂ ಒಂದೇ ಇದೆಯಾ ಅಂತ ಒಂದು ಅಸರ್ಟ್ (ಇಲ್ಲದಿದ್ರೆ ಅಲ್ಲೇ ನಿಲ್ಲಿಸೋ ಪರೀಕ್ಷೆ) ಹಾಕಿ, ಪ್ರೆಡಿಕ್ಷನ್‌ಗೆ ರೀಶೇಪ್(-1) ಮಾಡಿ (1000,) ಮಾಡ್ಕೊಳ್ಳಿ. ಲೇಯರ್ ಜಾಸ್ತಿ ಮಾಡಿದ್ದನ್ನ ವಾಪಸ್ ತೆಗೀರಿ ಮೊದಲು.

ಪ್ರಶ್ನೆ: ನಾನು ಮ್ಯಾಟ್‌ಲ್ಯಾಬ್‌ನಿಂದ ಪೈಥಾನ್‌ಗೆ ಬಂದವಳು. (3,) ಅನ್ನೋ ಶೇಪ್ ರೋ ವೆಕ್ಟರಾ ಕಾಲಂ ವೆಕ್ಟರಾ? ಟ್ರಾನ್ಸ್‌ಪೋಸ್ ಮಾಡಿದ್ರೂ (3,) ಅಂತಲೇ ತೋರಿಸುತ್ತೆ. ಆ ಕಾಮಾ ಬೇರೆ ಯಾಕೆ ನೇತಾಡ್ತಿದೆ?

ಉತ್ತರ: ಎರಡೂ ಅಲ್ಲ. ಮ್ಯಾಟ್‌ಲ್ಯಾಬ್‌ನಲ್ಲಿ ಒಂದೇ ನಂಬರ್ ಇದ್ರೂ ಅದು 1×1 ಮ್ಯಾಟ್ರಿಕ್ಸು, ಎರಡು ಆಕ್ಸಿಸ್‌ಗಿಂತ ಕಮ್ಮಿ ಅಲ್ಲಿ ಇಲ್ಲವೇ ಇಲ್ಲ. ನಂಪೈನಲ್ಲಿ ಒಂದೇ ಆಕ್ಸಿಸ್ ಇರೋ ಅರೇ ಇರಬಹುದು, ಅದಕ್ಕೆ ನಿಂತಿರೋದು ಮಲಗಿರೋದು ಅನ್ನೋ ಭೇದ ಇಲ್ಲ. ಟ್ರಾನ್ಸ್‌ಪೋಸ್ ಅಂದ್ರೆ ಆಕ್ಸಿಸ್‌ಗಳ ಕ್ರಮ ತಿರುಗಿಸೋದು, ಒಂದೇ ಇದ್ರೆ ತಿರುಗಿಸೋಕೆ ಏನಿದೆ? ಕಾಮಾ ಪೈಥಾನ್‌ದು, ನಂಪೈದಲ್ಲ, (3) ಅಂತ ಬರೆದ್ರೆ ಪೈಥಾನ್ ಅದನ್ನ ಬರೀ 3 ಅಂತ ಓದುತ್ತೆ, ಒಂದೇ ಐಟಂ ಇರೋ ಟ್ಯೂಪಲ್ (ಬ್ರಾಕೆಟ್ ಒಳಗಿನ ಪಟ್ಟಿ) ಅಂತ ತಿಳಿಸೋಕೆ ಕಾಮಾ ಬೇಕು.

ನಿಮಗೆ ನಿಜಕ್ಕೂ ಕಾಲಂ ಬೇಕಿದ್ರೆ ರೀಶೇಪ್(-1, 1), ರೋ ಬೇಕಿದ್ರೆ ರೀಶೇಪ್(1, -1). -1 ಅಂದ್ರೆ "ಇಲ್ಲಿ ಎಷ್ಟು ಬರುತ್ತೋ ನೀನೇ ಲೆಕ್ಕ ಹಾಕ್ಕೋ" ಅಂತ. ಆದ್ರೆ ಹಳೇ ಅಭ್ಯಾಸದ ಮೇಲೆ ಎಲ್ಲವನ್ನೂ (ಎನ್, 1) ಮಾಡಿ ಇಟ್ಕೋಬೇಡಿ, ಮೇಲಿನ ಪತ್ರದವರ ಗತಿ ಆಗುತ್ತೆ. ಮ್ಯಾಟ್ರಿಕ್ಸ್ @ ವೆಕ್ಟರ್, ವೆಕ್ಟರ್ @ ಮ್ಯಾಟ್ರಿಕ್ಸ್ (@ ಅಂದ್ರೆ ಮ್ಯಾಟ್ರಿಕ್ಸ್ ಗುಣಾಕಾರ) ಎರಡೂ (3,) ಇದ್ದಂಗೇ ಸರಿಯಾಗಿ ನಡಿಯುತ್ತೆ. ಒಂದು ಪ್ರಾಜೆಕ್ಟ್‌ನಲ್ಲಿ ವೆಕ್ಟರ್ ಅಂದ್ರೆ (ಎನ್,) ಅಂತ ತೀರ್ಮಾನ ಮಾಡಿದ್ರೆ ಕೊನೇತನಕ ಹಾಗೇ ಇರಲಿ, ಅರ್ಧ ಹಾಗೆ ಅರ್ಧ ಹೀಗೆ ಬೇಡ.

ಪ್ರಶ್ನೆ: ಸೊನ್ನೆ ತುಂಬಿದ 3×4 ಅರೇ ಬೇಕು ಅಂತ ನಂಪೈನಲ್ಲಿ ಝೀರೋಸ್(3, 4) ಅಂದ್ರೆ 4 ಅನ್ನೋದನ್ನ ಡೇಟಾ ಟೈಪ್ ಅಂತ ಅರ್ಥ ಮಾಡ್ಕೊಳ್ಳೋಕಾಗಲ್ಲ ಅಂತ ಬೈಯುತ್ತೆ, ರ‍್ಯಾಂಡಮ್‌ನ ರ‍್ಯಾಂಡ್(3, 4) ಮಾತ್ರ ಸರಿಯಾಗಿ ಕೊಡುತ್ತೆ. ಯಾವುದು ಸರಿ?

ಉತ್ತರ: ಝೀರೋಸ್‌ಗೆ ಶೇಪ್ ಪೂರ್ತಿ ಒಂದೇ ಆರ್ಗ್ಯುಮೆಂಟ್, ಎರಡನೇದು ಡೇಟಾ ಟೈಪ್. ಅದಕ್ಕೇ ಝೀರೋಸ್((3, 4)), ಡಬಲ್ ಬ್ರಾಕೆಟ್. ರ‍್ಯಾಂಡ್ ಮಾತ್ರ ಮ್ಯಾಟ್‌ಲ್ಯಾಬ್‌ನಿಂದ ಬರೋರಿಗೆ ಅನುಕೂಲ ಆಗ್ಲಿ ಅಂತ ಬೇರೆ ಥರ ಮಾಡಿರೋದು. ಹೊಸ ರ‍್ಯಾಂಡಮ್ ಜನರೇಟರ್‌ನಲ್ಲಿ ಟ್ಯೂಪಲ್ಲೇ ಕೇಳ್ತಾರೆ, ಅದನ್ನೇ ರೂಢಿ ಮಾಡ್ಕೊಳ್ಳಿ.

ಪ್ರಶ್ನೆ: ಪ್ರತಿ ಸಾಲಿನ ಸರಾಸರಿಯನ್ನ ಆ ಸಾಲಿನಿಂದ ಕಳೀಬೇಕಿತ್ತು. ಎಕ್ಸ್ ಮೈನಸ್ ಎಕ್ಸ್.ಮೀನ್(ಆಕ್ಸಿಸ್=1) ಅಂತ ಬರೆದೆ. 3×3 ಉದಾಹರಣೆ ಮೇಲೆ ಓಡ್ತು, ಖುಷಿಯಾಗಿ ಅಸಲಿ ಡೇಟಾ ಮೇಲೆ ಹಾಕಿದ್ರೆ (200, 5) ಮತ್ತು (200,) ಬ್ರಾಡ್‌ಕಾಸ್ಟ್ ಆಗಲ್ಲ ಅಂತ ಎರರ್. ಚಿಕ್ಕದರಲ್ಲಿ ಸರಿ ಇದ್ದದ್ದು ದೊಡ್ಡದರಲ್ಲಿ ಯಾಕೆ ಕೆಡ್ತು?

ಉತ್ತರ: ಚಿಕ್ಕದರಲ್ಲಿ ಸರಿ ಇತ್ತು ಅಂತ ನೋಡಿದ್ರಾ, ಅಥವಾ ಎರರ್ ಬರಲಿಲ್ಲ ಅಂತ ಅಂದ್ಕೊಂಡ್ರಾ? 1ರಿಂದ 9ರ ತನಕ ನಂಬರ್ ಹಾಕಿ ಒಂದು 3×3 ಮಾಡಿ. ಸಾಲುಗಳ ಸರಾಸರಿ 2, 5, 8. ಮೊದಲನೇ ಸಾಲು 1, 2, 3 ಇದರಿಂದ 2 ಕಳೆದ್ರೆ -1, 0, 1 ಬರಬೇಕು. ನಿಮ್ಮ ಕೋಡ್ ಕೊಡೋದು -1, -3, -5. ಯಾಕಂದ್ರೆ (3,) ಬಲಗಡೆ ಆಕ್ಸಿಸ್‌ಗೆ ಹೊಂದಿಕೊಳ್ಳುತ್ತೆ, ಅಂದ್ರೆ ಮೊದಲನೇ ಸಾಲಿನ ಸರಾಸರಿ ಮೊದಲನೇ ಕಾಲಂನಿಂದ ಹೋಯ್ತು, ಎರಡನೇದು ಎರಡನೇ ಕಾಲಂನಿಂದ. ಲೆಕ್ಕ ಮೊದಲಿಂದಲೂ ತಪ್ಪೇ, ಚೌಕ ಮ್ಯಾಟ್ರಿಕ್ಸ್ ಆಗಿದ್ದಕ್ಕೆ ಮುಚ್ಚಿಹೋಗಿತ್ತು. (200, 5) ಬಂದಾಗ 5ರ ಎದುರು 200 ಬಂತು, ನಂಪೈ ಒಪ್ಪಲಿಲ್ಲ. ಆ ಎರರ್ ನಿಮ್ಮನ್ನ ಕಾಪಾಡಿದೆ ಅನ್ನಬೇಕು.

ರಿಪೇರಿ ಸುಲಭ: ಮೀನ್ ಒಳಗೆ ಕೀಪ್‌ಡಿಮ್ಸ್=ಟ್ರೂ ಅಂತ ಸೇರಿಸಿ, ಆಗ ಸರಾಸರಿ (200, 1) ಆಗಿ ಉಳಿಯುತ್ತೆ, 1 ಹಿಗ್ಗಿ 5 ಆಗುತ್ತೆ, ಪ್ರತಿ ಸಾಲಿಗೂ ಅದರದ್ದೇ ಸರಾಸರಿ ಸಿಗುತ್ತೆ. ಇನ್ನೊಂದು, ತುಂಬಾ ಜನ ಆಕ್ಸಿಸ್=0 ಅಂದ್ರೆ "ಸಾಲುಗಳ ಸರಾಸರಿ" ಅಂತ ತಿಳ್ಕೊಂಡಿರ್ತಾರೆ. ಆಕ್ಸಿಸ್‌ಗೆ ಕೊಡೋ ನಂಬರ್ ಯಾವುದು ಮಾಯ ಆಗಬೇಕು ಅನ್ನೋದನ್ನ ಹೇಳುತ್ತೆ. (200, 5)ಕ್ಕೆ ಆಕ್ಸಿಸ್=0 ಅಂದ್ರೆ 200 ಮಾಯ, ಉಳಿಯೋದು (5,), ಅಂದ್ರೆ ಕಾಲಂಗಳ ಸರಾಸರಿ. ಇಷ್ಟು ನೆನಪಿಟ್ರೆ ಮೂರು ನಾಲ್ಕು ಆಕ್ಸಿಸ್ ಇರೋ ಅರೇಲೂ ತಲೆ ಕೆಡಲ್ಲ.

ಮತ್ತೆ ದಯವಿಟ್ಟು ಟೆಸ್ಟ್‌ಗೆ ಚೌಕ ಅರೇ ಬೇಡ. ಸ್ಯಾಂಪಲ್ 7, ಫೀಚರ್ (ಪ್ರತಿ ಸ್ಯಾಂಪಲ್ ಬಗ್ಗೆ ಇರೋ ಅಳತೆ) 3, ಟೈಮ್ ಸ್ಟೆಪ್ 5 ಹೀಗೆ ಎಲ್ಲ ಬೇರೆ ಬೇರೆ ಇಡಿ, 1 ಅಂತೂ ಎಲ್ಲೂ ಬೇಡ. ಒಂದಕ್ಕೊಂದು ಹೊಂದದೇ ಇರೋ ನಂಬರ್ ಇದ್ರೆ ಆಕ್ಸಿಸ್ ಅದಲು ಬದಲಾದ್ರೆ ತಕ್ಷಣ ಎರರ್ ಬರುತ್ತೆ. ನನ್ನ ಕೇಳಿದ್ರೆ ಈ ಒಂದು ಅಭ್ಯಾಸ ಹತ್ತು ಪ್ರಿಂಟ್ ಸ್ಟೇಟ್‌ಮೆಂಟ್‌ಗೆ ಸಮ.

ಪ್ರಶ್ನೆ: ಫೋಟೋಗಳು (224, 224, 3) ಇವೆ, ಮಾಡೆಲ್‌ಗೆ (3, 224, 224) ಬೇಕು. ರೀಶೇಪ್(3, 224, 224) ಮಾಡಿದೆ, ಶೇಪ್ ಸರಿಯಾಗಿದೆ, ಟ್ರೈನಿಂಗೂ ಓಡ್ತಿದೆ, ಆದ್ರೆ ಆಕ್ಯುರೆಸಿ ಮೇಲೇಳ್ತಾನೇ ಇಲ್ಲ. ಒಂದು ಚಾನೆಲ್ (ಒಂದೇ ಬಣ್ಣದ ಪದರ) ತೆಗೆದು ಪ್ಲಾಟ್ ಮಾಡಿದ್ರೆ ಏನೋ ಗೆರೆ ಗೆರೆ ಕಾಣ್ತಿದೆ.

ಉತ್ತರ: ಪ್ಲಾಟ್ ಮಾಡಿ ನೋಡಿದ್ರಲ್ಲ, ಒಳ್ಳೆ ಕೆಲಸ ಮಾಡಿದ್ರಿ, ತುಂಬಾ ಜನ ಅದನ್ನೂ ಮಾಡಲ್ಲ. ರೀಶೇಪ್ ಯಾವ ನಂಬರನ್ನೂ ಜಾಗ ಬಿಟ್ಟು ಕದಲಿಸಲ್ಲ, ಸಾಲಲ್ಲಿ ನಿಂತ ಮಕ್ಕಳನ್ನ ಮೂರು ಮೂರು ಎಣಿಸೋ ಬದಲು ಎರಡೆರಡು ಎಣಿಸಿದಂಗೆ ಅಷ್ಟೆ, ಸಾಲು ಅದೇ. 1ರಿಂದ 6ರ ತನಕ ಇರೋ 2×3 ತಗೊಳ್ಳಿ. ಅದನ್ನ (3, 2)ಕ್ಕೆ ರೀಶೇಪ್ ಮಾಡಿದ್ರೆ ಸಾಲುಗಳು 1 2, 3 4, 5 6. ಟ್ರಾನ್ಸ್‌ಪೋಸ್ ಮಾಡಿದ್ರೆ 1 4, 2 5, 3 6. ಶೇಪ್ ಎರಡಕ್ಕೂ ಒಂದೇ, ಒಳಗಿರೋದು ಬೇರೆ, ಹಂಗಾಗಿ ಶೇಪ್ ಪ್ರಿಂಟ್ ಮಾಡಿ ಇದನ್ನ ಹಿಡಿಯೋಕಾಗಲ್ಲ.

ನಿಮ್ಮ ಫೋಟೋದಲ್ಲಿ ನಂಬರ್‌ಗಳು ಒಂದೊಂದು ಪಿಕ್ಸೆಲ್‌ಗೆ ಕೆಂಪು ಹಸಿರು ನೀಲಿ, ಕೆಂಪು ಹಸಿರು ನೀಲಿ ಅಂತ ಸಾಲಾಗಿ ಕೂತಿವೆ. ರೀಶೇಪ್ ಮಾಡಿದಾಗ ಮೊದಲನೇ "ಚಾನೆಲ್"ಗೆ ಹೋಗಿದ್ದು ಕೆಂಪು ಬಣ್ಣ ಅಲ್ಲ, ಫೋಟೋದ ಮೇಲಿನ ಮೂರನೇ ಒಂದು ಭಾಗ, ಮೂರೂ ಬಣ್ಣ ಕಲಸಿಕೊಂಡು. ಎರಡನೇದಕ್ಕೆ ನಡುವಿನ ಭಾಗ, ಮೂರನೇದಕ್ಕೆ ಕೆಳಗಿಂದು. ಒಂದು ಸಾಲು ಪಿಕ್ಸೆಲ್ ಮೂರು ಸಾಲಾಗಿ ಒಡೆದಿದೆ, ಆ ಗೆರೆಗಳು ಅದೇ. ಬೇಕಾಗಿರೋದು ಟ್ರಾನ್ಸ್‌ಪೋಸ್(2, 0, 1), ಪೈಟಾರ್ಚ್‌ನಲ್ಲಾದ್ರೆ ಪರ್ಮ್ಯೂಟ್(2, 0, 1). ಆಕ್ಸಿಸ್‌ಗಳ ಕ್ರಮ ಬದಲಾಗಬೇಕಿದ್ರೆ ಟ್ರಾನ್ಸ್‌ಪೋಸ್, ಕ್ರಮ ಹಾಗೇ ಇಟ್ಟು ಅಕ್ಕಪಕ್ಕದ ಆಕ್ಸಿಸ್ ಸೇರಿಸಬೇಕು ಇಲ್ಲಾ ಒಡೀಬೇಕು ಅಂದ್ರೆ ರೀಶೇಪ್.

ಫೋಟೋ ವಿಷಯ ಬಂದಿದ್ದಕ್ಕೆ ಇನ್ನೊಂದು. ಪಿಲ್ಲೋ ಲೈಬ್ರರಿಯಲ್ಲಿ ಸೈಜ್ ಕೇಳಿದ್ರೆ ಅಗಲ ಮೊದಲು, ಎತ್ತರ ಆಮೇಲೆ. ಅದನ್ನೇ ಅರೇ ಮಾಡಿದ್ರೆ ಎತ್ತರ ಮೊದಲು. ಓಪನ್‌ಸಿವಿಯಲ್ಲಿ ಶೇಪ್ ಎತ್ತರ ಮೊದಲು ಹೇಳುತ್ತೆ, ಅದೇ ಲೈಬ್ರರಿಯ ರೀಸೈಜ್ ಮಾತ್ರ ಅಗಲ ಮೊದಲು ಕೇಳುತ್ತೆ! 224×224 ಇರೋ ತನಕ ಯಾವ ತಪ್ಪೂ ಕಾಣಲ್ಲ. ಹಾಗೇ ಮ್ಯಾಟ್‌ಲ್ಯಾಬ್, ಫೋರ್ಟ್ರಾನ್, ಆರ್, ಜೂಲಿಯಾ ಇವೆಲ್ಲ ಮೆಮೊರಿಯಲ್ಲಿ ಕಾಲಂ ಕಾಲಂ ಆಗಿ ಇಡ್ತವೆ, ನಂಪೈ ಮಾಮೂಲಾಗಿ ಸಾಲು ಸಾಲಾಗಿ. ಅಲ್ಲಿಂದ ಬರೀ ಬೈನರಿ ಫೈಲ್ ಬಂದಿದ್ರೆ ರೀಶೇಪ್‌ಗೆ ಆರ್ಡರ್='ಎಫ್' ಕೊಡದೆ ಓದಿದ್ರೆ ಇದೇ ಥರ ಕಲಸುಮೇಲೋಗರ.

ಪ್ರಶ್ನೆ: ಟೆಸ್ಟ್ ಸೆಟ್‌ನಲ್ಲಿ 1025 ಸ್ಯಾಂಪಲ್, ಬ್ಯಾಚ್ 32 (ಒಂದು ಸಲಕ್ಕೆ 32 ಸ್ಯಾಂಪಲ್). ಎಲ್ಲಾ ಬ್ಯಾಚ್ ಆಗಿ, ಪ್ರೆಡಿಕ್ಷನ್ ಎಲ್ಲ ಜೋಡಿಸೋವಾಗ ಝೀರೋ ಡೈಮೆನ್ಷನ್ ಅರೇ ಜೋಡಿಸೋಕಾಗಲ್ಲ ಅಂತ ಎರರ್. ಒಂದು ಸ್ಯಾಂಪಲ್ ತೆಗೆದ್ರೆ ಸರಿಹೋಗುತ್ತೆ. ದೆವ್ವ ಗಿವ್ವ ಇದೆಯಾ?

ಉತ್ತರ: ದೆವ್ವದ ಹೆಸರು ಸ್ಕ್ವೀಝ್, 1 ಉದ್ದದ ಆಕ್ಸಿಸ್‌ಗಳನ್ನ ತೆಗೆದುಹಾಕೋ ಫಂಕ್ಷನ್. 32×32 ಅಂದ್ರೆ 1024, ಕೊನೇ ಬ್ಯಾಚ್‌ನಲ್ಲಿ ಉಳಿದದ್ದು ಒಂದೇ ಸ್ಯಾಂಪಲ್. ಮಾಡೆಲ್ (32, 1) ಕೊಟ್ಟಾಗ ಸ್ಕ್ವೀಝ್ ಮಾಡಿದ್ರೆ (32,). ಕೊನೇದು (1, 1) ಕೊಟ್ಟಾಗ ಸ್ಕ್ವೀಝ್ ಎರಡೂ 1ನ್ನ ಕಿತ್ತು ಬಿಸಾಕುತ್ತೆ, ಆಕ್ಸಿಸ್ಸೇ ಇಲ್ಲದ ಒಂಟಿ ನಂಬರ್ ಉಳಿಯುತ್ತೆ. ಯಾವ ಆಕ್ಸಿಸ್ ಅಂತ ಹೇಳದೆ ಸ್ಕ್ವೀಝ್ ಬರೀಲೇಬೇಡಿ, ಸ್ಕ್ವೀಝ್(-1) ಅಂತ ಬರೀರಿ. ಕೊನೇ ಬ್ಯಾಚನ್ನೇ ಬಿಟ್ಟುಬಿಡೋ ಆಪ್ಷನ್ ಇದೆ, ಟೆಸ್ಟ್‌ನಲ್ಲಿ ಅದು ಪರಿಹಾರ ಅಲ್ಲ, ಒಂದು ಸ್ಯಾಂಪಲ್ ನುಂಗಿದಂಗಾಯ್ತು. ನಿಮಗೆ ಎರರ್ ಆದ್ರೂ ಬಂತು. (1, 1, 28, 28) ಇರೋ ಒಂದು ಕಪ್ಪು ಬಿಳುಪು ಚಿತ್ರವನ್ನ ಸ್ಕ್ವೀಝ್ ಮಾಡಿ (28, 28) ಮಾಡಿದ್ರೆ, ಮುಂದಿನ ಕೋಡ್ ಅದನ್ನ 28 ಸ್ಯಾಂಪಲ್, ತಲಾ 28 ಫೀಚರ್ ಅಂತ ಓದ್ಕೊಂಡು ಹಾಯಾಗಿ ಹೋಗಬಹುದು.

ಪ್ರಶ್ನೆ: ಸೈಕಿಟ್ ಲರ್ನ್ (ಮಷೀನ್ ಲರ್ನಿಂಗ್ ಲೈಬ್ರರಿ) "2ಡಿ ಅರೇ ಬೇಕು, 1ಡಿ ಬಂದಿದೆ" ಅಂತ ಎರರ್ ಕೊಟ್ಟು ರೀಶೇಪ್(-1, 1) ಮಾಡು ಇಲ್ಲಾ ರೀಶೇಪ್(1, -1) ಮಾಡು ಅಂತ ಎರಡು ಹೇಳುತ್ತೆ. ನಾನು ಯಾವುದು ಓಡುತ್ತೋ ಅದು ಇಟ್ಕೋತೀನಿ, ಸರೀನಾ?

ಉತ್ತರ: ಇಲ್ಲ. ಅಲ್ಲಿ ಸಾಲು ಅಂದ್ರೆ ಸ್ಯಾಂಪಲ್, ಕಾಲಂ ಅಂದ್ರೆ ಫೀಚರ್. ನಿಮ್ಮ ಹತ್ರ ನೂರು ಜನರ ಎತ್ತರ ಇದ್ರೆ ನೂರು ಸ್ಯಾಂಪಲ್ ಒಂದು ಫೀಚರ್, (-1, 1). ಒಬ್ಬರದ್ದೇ ಎತ್ತರ, ತೂಕ, ವಯಸ್ಸು ಇದ್ರೆ ಒಂದು ಸ್ಯಾಂಪಲ್ ಮೂರು ಫೀಚರ್, (1, -1). ಡೇಟಾದಿಂದ ಕಾಲಂ ತೆಗೆಯೋವಾಗಲೇ ಎಚ್ಚರ ಇದ್ರೆ ಈ ಪಾಡು ಬರಲ್ಲ: ಎ[:, 2] ಅಂದ್ರೆ (ಎನ್,), ಎ[:, 2:3] ಅಂದ್ರೆ (ಎನ್, 1). ಪಾಂಡಾಸ್‌ನಲ್ಲಿ ಒಂದು ಬ್ರಾಕೆಟ್ ಹಾಕಿದ್ರೆ ಸೀರೀಸ್ (1ಡಿ), ಎರಡು ಹಾಕಿದ್ರೆ ಡೇಟಾಫ್ರೇಮ್ (2ಡಿ). ಟಾರ್ಗೆಟ್ ಮಾತ್ರ ಸಾಮಾನ್ಯವಾಗಿ (ಎನ್,) ಇರಬೇಕು, ಅದನ್ನೂ ಕಾಲಂ ಮಾಡಿದ್ರೆ ಕೆಲವು ಮಾಡೆಲ್‌ಗಳು ವಾರ್ನಿಂಗ್ ಕೊಡ್ತವೆ.

ಪ್ರಶ್ನೆ: ನಾಲ್ಕು ವರ್ಷ ಹಿಂದಿನ ಕೋಡ್, ಉದ್ದ ಗಿಡ್ಡ ಲಿಸ್ಟ್‌ಗಳನ್ನ ಸೇರಿಸಿ ಅರೇ ಮಾಡ್ತಿತ್ತು. ನಂಪೈ ಅಪ್‌ಡೇಟ್ ಮಾಡಿದ ಮೇಲೆ ಶೇಪ್ ಒಂದೇ ಥರ ಇಲ್ಲ ಅಂತ ಎರರ್.

ಉತ್ತರ: 2022ರ ಡಿಸೆಂಬರ್‌ನಲ್ಲಿ ಬಂದ ನಂಪೈ 1.24ರಿಂದ ಅದು ಎರರ್ರೇ. ಮೊದಲು ವಾರ್ನಿಂಗ್ ಇತ್ತು, ಅದಕ್ಕೂ ಮೊದಲು ಸುಮ್ಮನೆ ಲಿಸ್ಟ್‌ಗಳನ್ನ ಒಳಗಿಟ್ಕೊಂಡ ಆಬ್ಜೆಕ್ಟ್ ಅರೇ ಮಾಡಿ ಕೊಡ್ತಿತ್ತು. ಡಿಟೈಪ್=ಆಬ್ಜೆಕ್ಟ್ ಅಂತ ಹಾಕಿದ್ರೆ ಹಳೇ ಥರ ನಡಿಯುತ್ತೆ. ಆದ್ರೆ ಅಲ್ಲಿ ಶೇಪ್ ಅನ್ನೋದಕ್ಕೆ ಅರ್ಥ ಇಲ್ಲ, ವೇಗನೂ ಇಲ್ಲ, ಲಿಸ್ಟಾಗೇ ಇಟ್ಕೊಳ್ಳಿ ಅಥವಾ ಪ್ಯಾಡ್ ಮಾಡಿ (ಗಿಡ್ಡದ್ದಕ್ಕೆ ಸೊನ್ನೆ ಥರದ್ದು ತುಂಬಿ ಉದ್ದ ಮಾಡಿ). ಎಲ್ಲವೂ ಒಂದೇ ಉದ್ದ ಇರಬೇಕಿತ್ತು ಅಂತಿದ್ರೆ ಮೊದಲು ಫೈಲಲ್ಲಿ ಯಾವ ಸಾಲು ಅರ್ಧಕ್ಕೆ ಕಟ್ಟಾಗಿದೆ ನೋಡಿ.

ಪ್ರಶ್ನೆ: ಸ್ಟಾರ್ (*) ಹಾಕಿ ಮ್ಯಾಟ್ರಿಕ್ಸ್ ಗುಣಾಕಾರ ಮಾಡಿದ್ದೆ, ಶೇಪ್ ಸರಿಯಾಗೇ ಬಂತು, ಉತ್ತರ ಮಾತ್ರ ತಪ್ಪು.

ಉತ್ತರ: ಎರಡೂ ಚೌಕ ಇರಬೇಕು, ಅಲ್ವಾ? ನಂಪೈನಲ್ಲಿ ಸ್ಟಾರ್ ಅಂದ್ರೆ ಜಾಗಕ್ಕೆ ಜಾಗ ಗುಣಿಸೋದು, ಮ್ಯಾಟ್ರಿಕ್ಸ್ ಗುಣಾಕಾರಕ್ಕೆ @, 2015ರ ಪೈಥಾನ್ 3.5ರಿಂದ ಇದೆ. ಮ್ಯಾಟ್‌ಲ್ಯಾಬ್‌ನಲ್ಲಿ ಬರೀ ಸ್ಟಾರ್ ಮ್ಯಾಟ್ರಿಕ್ಸ್‌ಗೆ, ಚುಕ್ಕಿ ಸ್ಟಾರ್ ಜಾಗಕ್ಕೆ ಜಾಗ, ಹಾಗಾಗಿ ಕೋಡ್ ಅಲ್ಲಿಂದ ಇಲ್ಲಿಗೆ ಕಾಪಿ ಮಾಡೋವಾಗ ಇದು ಸದಾ ಬರೋ ತಪ್ಪು. ಮ್ಯಾಟ್ರಿಕ್ಸ್ ಸ್ಟಾರ್ (ಎನ್,) ವೆಕ್ಟರ್ ಅಂತ ಬರೆದ್ರೆ ಪ್ರತಿ ಕಾಲಂ ಬೇರೆ ಬೇರೆ ನಂಬರಿಂದ ಗುಣವಾಗುತ್ತೆ, ತಮಾಷೆ ಅಂದ್ರೆ ಆಮೇಲೆ ಆಕ್ಸಿಸ್=1 ಮೇಲೆ ಕೂಡಿದ್ರೆ @ ಕೊಡೋ ಉತ್ತರನೇ ಬರುತ್ತೆ.

ಪ್ರಶ್ನೆ: ಇಷ್ಟೆಲ್ಲ ಅನಾಹುತ ಮಾಡೋ ಬ್ರಾಡ್‌ಕಾಸ್ಟಿಂಗನ್ನ ತೆಗೆದೇ ಹಾಕಬಾರದಾ? ಬೇರೆ ಭಾಷೆಗಳಲ್ಲಿ ಹೆಂಗಿದೆ?

ಉತ್ತರ: ತೆಗೆದ್ರೆ ಎಲ್ಲ ಕಡೆ ಲೂಪ್ ಬರೀಬೇಕಾಗುತ್ತೆ, ಆಗ ನೀವೇ ವಾಪಸ್ ಕೊಡಿ ಅಂತ ಪತ್ರ ಬರೀತೀರಿ. ಬೇರೆ ಕಡೆನೂ ಪೂರ್ತಿ ನೆಮ್ಮದಿ ಇಲ್ಲ. ಆರ್ ಭಾಷೆಯಲ್ಲಿ 6 ಉದ್ದದ್ದಕ್ಕೆ 3 ಉದ್ದದ್ದು ಕೂಡಿಸಿದ್ರೆ ಚಿಕ್ಕದನ್ನ ಎರಡು ಸಲ ಸುತ್ತು ಹಾಕಿಸಿ ಕೂಡುತ್ತೆ, ಸರಿಯಾಗಿ ಭಾಗ ಹೋಗೋ ತನಕ ವಾರ್ನಿಂಗ್ ಕೂಡ ಇಲ್ಲ, ನನ್ನ ಪ್ರಕಾರ ಅದು ನಂಪೈಗಿಂತ ಅಪಾಯ. ಮ್ಯಾಟ್‌ಲ್ಯಾಬ್‌ನಲ್ಲಿ ರೋಗೆ ಕಾಲಂ ಕೂಡಿಸಿದ್ರೆ ಮೊದಲು ಎರರ್ ಬರ್ತಿತ್ತು, ಆರ್2016ಬಿ ಆವೃತ್ತಿಯಿಂದ ಅದೂ ಹಿಗ್ಗಿಸೋಕೆ ಶುರು ಮಾಡ್ತು. ನನಗೆ ಹಿಡಿಸಿದ್ದು ಜೂಲಿಯಾ: ಬರೀ ಪ್ಲಸ್ ಹಾಕಿ ಶೇಪ್ ಬೇರೆ ಇದ್ರೆ ಎರರ್, ಹಿಗ್ಗಿಸಬೇಕು ಅಂದ್ರೆ ಪ್ಲಸ್‌ಗೆ ಮೊದಲು ಒಂದು ಚುಕ್ಕಿ (.+) ನೀವೇ ಇಡಬೇಕು. ಬ್ರಾಡ್‌ಕಾಸ್ಟ್ ಅಲ್ಲೂ ಇದೆ, ಬರೆದವರು ಬೇಕಂತಲೇ ಕೇಳಿದ್ದು ಅನ್ನೋದು ಮಾತ್ರ ಕೋಡ್ ಓದೋರಿಗೆ ಕಾಣುತ್ತೆ. ಪೈಥಾನ್‌ನಲ್ಲೇ ಇರ್ತೀನಿ ಅನ್ನೋರಿಗೆ ಎಕ್ಸ್ಅರೇ ಇದೆ, ಆಕ್ಸಿಸ್‌ಗಳಿಗೆ "ಸಮಯ", "ಅಕ್ಷಾಂಶ" ಅಂತ ಹೆಸರಿಟ್ಟು ಹೆಸರಿನ ಮೇಲೆ ಹೊಂದಿಸ್ತಾರೆ, ಬಲಗಡೆ ಎಡಗಡೆ ಜಗಳ ಇಲ್ಲ. ಅದೂ ಜಾಸ್ತಿ ಆಯ್ತು ಅಂದ್ರೆ ವೇರಿಯಬಲ್ ಪಕ್ಕ ಕಮೆಂಟಲ್ಲಿ (ಬ್ಯಾಚ್, ಸಮಯ, ಫೀಚರ್) ಅಂತ ಬರೆದಿಡಿ, ಕೋಡ್ ಬದಲಾದಾಗ ಕಮೆಂಟೂ ಬದಲಾಯಿಸಿ ಅಷ್ಟೆ.

ಪ್ರಶ್ನೆ: ಲೂಪ್ ಒಳಗೆ ಅಪೆಂಡ್ ಮಾಡಿ ಸಾಲು ಸೇರಿಸ್ತಿದ್ದೀನಿ, ಕೊನೆಗೆ ನೋಡಿದ್ರೆ ಎಲ್ಲ ಒಂದೇ ಉದ್ದ ಸಾಲಾಗಿದೆ.

ಉತ್ತರ: ನಂಪೈ ಅಪೆಂಡ್‌ಗೆ ಆಕ್ಸಿಸ್ ಕೊಡದಿದ್ರೆ ಎರಡನ್ನೂ ಚಪ್ಪಟೆ ಮಾಡಿ ಜೋಡಿಸುತ್ತೆ. ಆಕ್ಸಿಸ್ ಕೊಟ್ರೂ ಪ್ರತಿ ಸಲ ಪೂರ್ತಿ ಅರೇ ಕಾಪಿ ಆಗುತ್ತೆ, ನಿಧಾನ. ಮಾಮೂಲಿ ಪೈಥಾನ್ ಲಿಸ್ಟ್‌ಗೆ ಸೇರಿಸ್ತಾ ಹೋಗಿ, ಲೂಪ್ ಮುಗಿದ ಮೇಲೆ ಒಂದೇ ಸಲ ಸ್ಟಾಕ್ ಮಾಡಿ. ಸ್ಟಾಕ್ ಹೊಸ ಆಕ್ಸಿಸ್ ಹುಟ್ಟಿಸುತ್ತೆ, ಕಾನ್‌ಕ್ಯಾಟಿನೇಟ್ ಇರೋ ಆಕ್ಸಿಸ್‌ನಲ್ಲೇ ಉದ್ದ ಮಾಡುತ್ತೆ: ಹತ್ತು (5,) ಅರೇ ಇದ್ರೆ ಮೊದಲನೇದು (10, 5) ಕೊಡುತ್ತೆ, ಎರಡನೇದು (50,).